ಬಿಸಿಲಿಗೆ ಹಾಕಿದ ಹಾಳೆಗಳು

ಆಗ ನನಗೆ ಹತ್ತೊಂಬತ್ತು ವರ್ಷ. ಇದು ನಡೆದು ಅರವತ್ತು ವರ್ಷದ ಹತ್ತಿರ ಬಂತು. ಮುಗಿಲಿನಿಂದ ನಮ್ಮ ಹೊಲಕ್ಕೆ ಒಂದು ಪೆಟ್ಟಿಗೆ ಬಿತ್ತು. ಅದರೊಳಗೆ ನನಗಿಂತ ಐದಾರು ವರ್ಷ ದೊಡ್ಡಾಕೆ ಒಬ್ಬಳ ಎರಡು ವರ್ಷದ ಕೆಲಸ ಇತ್ತು. ಅದನ್ನು ನಾನು ಕೆಡಿಸಿದೆ. ಬೇಕಂತ ಕೆಡಿಸಲಿಲ್ಲ, ಆದರೆ ಕೆಡಿಸಿದ್ದು ನಾನೇ. ಆಮೇಲೆ ಒಂದು ಸುಳ್ಳು ಹೇಳಿದೆ. ಅದನ್ನು ಬೇಕಂತಲೇ ಹೇಳಿದೆ.

ನನ್ನ ತವರು ಬಬಲೇಶ್ವರ. ನನ್ನನ್ನು ಕೊಟ್ಟದ್ದು ತಿಕೋಟಾದಿಂದ ಒಂದು ಹರದಾರಿ ಆಚೆ, ಹೊಲದಲ್ಲೇ ಕಟ್ಟಿದ ಮನೆಗೆ. ಮನೆಯಲ್ಲಿ ಅತ್ತೆ, ಗಂಡ, ನಾನು, ಮೂರೇ ಮಂದಿ. ಚೈತ್ರದ ಬಿಸಿಲು. ಜೋಳದ ರಾಶಿ ಮುಗಿದು ಹೊಲ ಬರಿದಾಗಿತ್ತು. ಬಾವಿಯ ಹತ್ತಿರ ಒಂದಿಷ್ಟು ಉಳ್ಳಾಗಡ್ಡಿ, ಬದನೆ ಹಚ್ಚಿದ್ದೆವು. ಒಂದು ಮುಂಜಾನೆ ನೀರು ಬಿಡಲು ಹೋದ ಗಂಡ ಅರ್ಧ ತಾಸಿನಲ್ಲಿ ತಿರುಗಿ ಬಂದ. ತಲೆಯ ಮೇಲೆ ಒಂದು ಪೆಟ್ಟಿಗೆ, ಅದರಿಂದ ನೀರು ಸೋರಿ ಅವನ ಅಂಗಿ ತೊಯ್ದಿತ್ತು. ಹಿಂದೆ ಕೆಂಪು ಛತ್ರಿಯಂಥ ದೊಡ್ಡ ಬಟ್ಟೆ ಮಣ್ಣಲ್ಲಿ ಎಳೆದುಕೊಂಡು ಬರುತ್ತಿತ್ತು.

"ಕಾಲುವ್ಯಾಗ ಬಿದ್ದಿತ್ತು," ಅಂದ.

ಅತ್ತೆ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದರು. "ಯಾರದಲೇ ಇದು?"

"ಮ್ಯಾಲಿಂದ ಬಿದ್ದೈತಿ. ಯಾರದು ಅಂತ ಯಾರನ್ನ ಕೇಳ್ಲಿ?"

ಪೆಟ್ಟಿಗೆಯ ಬೆನ್ನಿಗೆ ಮೇಣ ಹಚ್ಚಿದ ಒಂದು ಕಾಗದ ಅಂಟಿಸಿದ್ದರು. ನಾಲ್ಕೈದು ಭಾಷೆಯಲ್ಲಿ ಏನೋ ಬರೆದಿತ್ತು. ನಮ್ಮ ಮನೆಯಲ್ಲಿ ಅಕ್ಷರ ಗೊತ್ತಿದ್ದವಳು ನಾನೊಬ್ಬಳೇ. ಅದೂ ಎರಡನೇ ಇಯತ್ತೆಯ ತನಕ.

"ಓದ ಬೇ," ಅಂದರು ಅತ್ತೆ. "ಸಾಲಿ ಕಲತ ಸೊಸಿ ತಂದೇವಿ, ಇಲ್ಲೀತನಕ ಒಂದ ಉಪಯೋಗಕ್ಕ ಬಂದಿಲ್ಲ."

ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದೆ. ಇದು ಸರ್ಕಾರಿ ಸಾಮಾನು. ತೆರೆಯಬಾರದು. ಹತ್ತಿರದ ಪೊಲೀಸರಿಗೆ ತಿಳಿಸಬೇಕು. ಇಷ್ಟು ನನಗೆ ಸರಿಯಾಗಿ ಅರ್ಥವಾಯಿತು. ಅರ್ಥವಾಗಲಿಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ. ಗಂಡ ಅಂಗಿ ಬದಲಿಸಿ, ಪೊಲೀಸರಿಗೆ ತಿಳಿಸಲು ತಿಕೋಟಾಕ್ಕೆ ನಡೆದ.

ಅವನು ಹೋದ ಮೇಲೆ ನಾನು ಪೆಟ್ಟಿಗೆಯ ಮುಂದೆ ಕುಳಿತೆ. ನೀರು ಇನ್ನೂ ಸೋರುತ್ತಿತ್ತು. ನಮ್ಮ ಕಡೆ ಹಸಿ ಇದ್ದದ್ದನ್ನು ಮುಚ್ಚಿ ಇಡುವುದಿಲ್ಲ. ನೆಲದೊಳಗಿನ ಹಗೇವಿಗೆ ಹಾಕುವ ಜೋಳ ಇರಲಿ, ಬೀಜ ಇರಲಿ, ಕೌದಿ ಇರಲಿ, ಬಿಸಿಲಿಗೆ ಹರವಿ, ಮಗ್ಗಲು ಬದಲಿಸಿ ಮತ್ತೆ ಹರವಿ, ಆಮೇಲೇ ಒಳಗೆ. ಹಾಗೆ ಮಾಡದವಳು ಹೆಂಗಸಲ್ಲ ಅನ್ನುವ ಊರು ನಮ್ಮದು. ಪೊಲೀಸರು ಯಾವಾಗ ಬರುತ್ತಾರೋ, ಅಷ್ಟರಲ್ಲಿ ಒಳಗಿನದಕ್ಕೆ ಬೂಷ್ಟು ಹಿಡಿದರೆ ಮತ್ತೆ ನಮ್ಮ ಮೇಲೇ ಬರುತ್ತದೆ.

"ಅತ್ತೀ, ತೆರದು ಒಣಗಸ್ಲ್ಯಾ?" ಅಂದೆ.

"ತೆರೀಬ್ಯಾಡ ಅಂತ ನೀನ ಓದಿದೆಲ್ಲ?"

"ಬರದಾಂವಗ ಇದು ನೀರಾಗ ಬೀಳ್ತೈತಿ ಅಂತ ಗೊತ್ತಿತ್ತೇನ್ರಿ?"

ಅತ್ತೆ ಸ್ವಲ್ಪ ವಿಚಾರ ಮಾಡಿ, "ಅದೂ ಖರೇನ," ಅಂದರು.

ಮೇಲಿನ ಬಟ್ಟೆ ತೊಯ್ದಿತ್ತು. ಅದರೊಳಗೆ ಬೆಂಡಿನ ಹಾಗೆ ಹಗುರಾದ ಬಿಳಿ ಪೆಟ್ಟಿಗೆ, ಅದೂ ತೊಯ್ದಿತ್ತು. ಒಳಗೆ ಎರಡು ಗೂಡು. ಒಂದರಲ್ಲಿ ತಂತಿ ಸುತ್ತಿದ ತಗಡಿನ ಡಬ್ಬಿ. ಅದನ್ನು ಮುಟ್ಟಲಿಲ್ಲ. ಇನ್ನೊಂದರಲ್ಲಿ ಅಂಟುಪಟ್ಟಿ ಸುತ್ತಿದ ಒಂದು ಗಂಟು. ಪಟ್ಟಿಯನ್ನು ಈಳಿಗೆಯಿಂದ ಕೊಯ್ದೆ. ಒಳಗೆ ಕಪ್ಪು ಕಾಗದ, ಅದರೊಳಗೆ ಮತ್ತೊಂದು ಕಪ್ಪು ಕಾಗದ. ಬಿಚ್ಚುವಾಗ ಕಾಗದ ಗರಗರ ಅಂತ ಸಪ್ಪಳ ಮಾಡಿತು. ತೊಯ್ದ ಕಾಗದ ಸಪ್ಪಳ ಮಾಡುವುದಿಲ್ಲ. ಅದು ನನಗೆ ಆವಾಗಲೇ ಗೊತ್ತಾಗಿತ್ತು.

ಕಾಗದದೊಳಗೆ ಹಾಳೆಗಳಿದ್ದವು. ಕಾಗದದ ಹಾಳೆಯಲ್ಲ. ಕಾಯಿಸಿದ ಹಾಲಿನ ಕೆನೆಯ ಬಣ್ಣ, ಹಪ್ಪಳದಷ್ಟು ದಪ್ಪ, ಎರಡು ಅಂಗೈಯಷ್ಟು ಅಗಲ. ಒಂದರ ಮೇಲೊಂದು ಒತ್ತಾಗಿ ಪೇರಿಸಿದ್ದರು. ಮುಟ್ಟಿದರೆ ತಣ್ಣಗೆ, ಸ್ವಲ್ಪ ಜಿಗಟು. ಹಸಿಯಾಗಿವೆ ಅಂದುಕೊಂಡೆ. ಅವು ಹುಟ್ಟಿದ್ದೇ ಹಾಗೆ ಅಂತ ನನಗೆ ಯಾರು ಹೇಳಬೇಕಿತ್ತು? ಮಾಳಿಗೆಯ ಮೇಲೆ ಹಳೆ ಧೋತರ ಹಾಸಿ, ಒಂದೊಂದಾಗಿ ಬಿಡಿಸಿ ಸಾಲಾಗಿ ಇಟ್ಟೆ. ಎರಡನೇ ಸಾಲು ಮುಗಿಯುವುದರೊಳಗೆ ಮೊದಲನೇ ಸಾಲಿನ ಬಣ್ಣ ತಿರುಗಿತ್ತು. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವ ಹಾಗೆ, ಮೊದಲು ಕಂದು, ಆಮೇಲೆ ನೇರಳೆ. ಒಳಗಿನ ಹಸಿ ಹೊರಗೆ ಬರುತ್ತಿದೆ ಅಂದುಕೊಂಡು ಇನ್ನಷ್ಟು ಬಿಸಿಲಿದ್ದ ಕಡೆಗೆ ಧೋತರ ಎಳೆದೆ.

ಪಕ್ಕದ ಹೊಲದ ಹೆಂಗಸು ಮಜ್ಜಿಗೆ ಕೇಳಲು ಬಂದವಳು ಏಣಿ ಹತ್ತಿ ನೋಡಿದಳು.

"ಏನ ಹಪ್ಪಳ ಬೇ ಇವು? ಸುಟ್ಟಂಗ ಆಗ್ಯಾವಲ್ಲ."

"ಸರ್ಕಾರಿ ಹಪ್ಪಳ," ಅಂದೆ.

"ಹಂಗಾರ ಒಂದ ಎಣ್ಣ್ಯಾಗ ಬಿಟ್ಟ ನೋಡು. ಸರ್ಕಾರ ಎಷ್ಟ ಉಬ್ಬತೈತಿ ನೋಡೂಣು."

ನಾವಿಬ್ಬರೂ ನಕ್ಕೆವು. ಎರಡು ದಿನ ಎರಡೂ ಮಗ್ಗಲು ಒಣಗಿಸಿದೆ. ಹಾಳೆಗಳು ಮುದುಡಿ ಗಟ್ಟಿಯಾದವು. ತೊಳೆದ ಬಟ್ಟೆಯಲ್ಲಿ ಕಟ್ಟಿ, ಬುಟ್ಟಿಯಲ್ಲಿಟ್ಟು, ಇಲಿ ಮುಟ್ಟದ ಹಾಗೆ ನೆಲುವಿಗೆ ಹಾಕಿದೆ. ಒಂದೂ ಮುರಿದಿರಲಿಲ್ಲ.

ಮೂರನೇ ದಿನ ಮಧ್ಯಾಹ್ನ ಜೀಪು ಬಂತು. ದಾರಿ ತೋರಿಸಲು ತಿಕೋಟಾಕ್ಕೆ ಕರೆಸಿಕೊಂಡಿದ್ದ ಗಂಡನನ್ನು ಮುಂದೆ ಕೂರಿಸಿಕೊಂಡು ಒಬ್ಬ ಪೊಲೀಸ, ಹಿಂದೆ ಒಬ್ಬ ದೊಡ್ಡ ಸಾಹೇಬ, ಅವನ ಜೊತೆ ಚಸ್ಮಾ ಹಾಕಿದ ಒಬ್ಬ ಹುಡುಗಿ. ಸಾಹೇಬನಿಗೆ ಕನ್ನಡ ಬರುತ್ತಿರಲಿಲ್ಲ. ಇಂಗ್ಲಿಷ್ ಆಡುತ್ತಿದ್ದ, ಪೊಲೀಸನ ಜೊತೆ ಹಿಂದಿ. ಹುಡುಗಿ ಧಾರವಾಡದ ಕಡೆಯವಳು. ನಮ್ಮಲ್ಲಿ ಓದಿದ ಹೆಣ್ಣುಮಕ್ಕಳಿಗೆಲ್ಲ ಅಕ್ಕೋರು ಅನ್ನುವುದು, ಸಾಲಿ ಕಲಿಸಲಿ ಬಿಡಲಿ. ನಾನೂ ಹಾಗೇ ಕರೆದೆ.

ಬುಟ್ಟಿ ಇಳಿಸಿ ಅವರ ಮುಂದೆ ಇಟ್ಟು ಬಟ್ಟೆ ಬಿಚ್ಚಿದೆ. ಹೊಗಳುತ್ತಾರೆ ಅಂತ ನಿಂತಿದ್ದೆ.

ಅಕ್ಕೋರು ಒಂದು ಹಾಳೆ ಎತ್ತಿದರು. ಎತ್ತಿ, ಬಿಸಿಲಿಗೆ ಅಡ್ಡ ಹಿಡಿದು ನೋಡಿದರು. ಇನ್ನೊಂದನ್ನು ನೋಡಿದರು. ಆಮೇಲೆ ಎಲ್ಲವನ್ನೂ ಕೆದರಿ ತಳದ ತನಕ ನೋಡಿದರು. ಅಳಲಿಲ್ಲ, ಬಯ್ಯಲಿಲ್ಲ. ಕಟ್ಟೆಯ ಮೇಲೆ ಕುಳಿತುಬಿಟ್ಟರು.

ಸಾಹೇಬ ಬುಟ್ಟಿಯ ಕಡೆಗೆ ಒಮ್ಮೆ ನೋಡಿ, ಪೆಟ್ಟಿಗೆ ಬಿದ್ದ ಜಾಗ ತೋರಿಸು ಅಂತ ಗಂಡನನ್ನೂ ಪೊಲೀಸನನ್ನೂ ಕರೆದುಕೊಂಡು ಬಾವಿಯ ಕಡೆ ಹೋದ.

"ಕೆಟ್ಟಾವೇನ್ರಿ ಅಕ್ಕೋರ?" ಅಂದೆ.

"ಹೂಂ."

"ಹಸಿ ಇದ್ದೂರಿ. ಅದಕ್ಕ ಬಿಸಲಿಗಿ ಹಾಕಿದೆ."

"ಇವಕ್ಕ ಬಿಸಲ ಬಡೀಬಾರದು, ತಂಗಿ. ದೀಪದ ಬೆಳಕೂ ಬಡೀಬಾರದು."

ಕೇಳಿದ್ದಕ್ಕೆ ಹೇಳಿದರು. ನನಗೆ ತಿಳಿಯುತ್ತದೋ ಇಲ್ಲವೋ ಅಂತ ನೋಡಲಿಲ್ಲ, ಹೇಳುತ್ತ ಹೋದರು. ಹೈದರಾಬಾದಿನ ಕಡೆಯಿಂದ ಮನೆಗಿಂತ ದೊಡ್ಡ ಬಲೂನು ಬಿಟ್ಟಿದ್ದರಂತೆ. ಅದಕ್ಕೆ ಈ ಪೆಟ್ಟಿಗೆ ಕಟ್ಟಿದ್ದರು. ಹಗಲಿನಲ್ಲೂ ಮುಗಿಲು ಕಪ್ಪು ಕಾಣುವಷ್ಟು ಎತ್ತರಕ್ಕೆ ಅದು ಹೋಗಿತ್ತಂತೆ.

"ಅಲ್ಲಿ ಕಣ್ಣಿಗೆ ಕಾಣದ ಕಿರಣ ಅದಾವ," ಅಂದರು. "ಕಬ್ಬಿಣ ದಾಟಿ ಹೋಗ್ತಾವ. ಮುಂದ ನಾವೂ ಭೂಮಿ ಸುತ್ತ ತಿರುಗೂ ಯಂತ್ರ ಬಿಡಬೇಕಲ್ಲ, ಆ ಕಿರಣ ಯಂತ್ರದ ಹೊಟ್ಟ್ಯಾಗ ಹೊಕ್ಕರ ಅದರ ಬುದ್ಧಿ ನೆಟ್ಟಗ ಇರ್ತದೋ ಕೆಡ್ತದೋ ನೋಡಬೇಕು. ಅದಕ್ಕ ಆ ತಗಡಿನ ಡಬ್ಬಿ. ಕಿರಣ ಎಷ್ಟ ಬಂದ್ವು ಅಂತ ಎಣಿಸಿ, ರೇಡಿಯೋದಾಂಗ ಕೆಳಗ ಹೇಳೂ ಯಂತ್ರ ಅದು. ನಾ ಮಾಡೀನಿ."

"ನೀವ?"

"ಈ ಕೈಲೆ."

ಬೆರಳ ತುದಿಯಲ್ಲಿ ಸಣ್ಣ ಸಣ್ಣ ಸುಟ್ಟ ಕಲೆಗಳಿದ್ದವು. ರೊಟ್ಟಿ ಬಡಿಯುವವರ ಕೈಯಲ್ಲಿ ಇರುವಂಥವು.

ಬಲೂನು ಎತ್ತರಕ್ಕೆ ಹೋದಾಗ ಅವರ ಯಂತ್ರ ಒಮ್ಮೆಲೇ ಸಿಕ್ಕಾಪಟ್ಟೆ ಲೆಕ್ಕ ಹೇಳತೊಡಗಿತಂತೆ. ನಿನ್ನ ಯಂತ್ರ ಕೆಟ್ಟಿದೆ, ನೀನು ಬೆಸೆದದ್ದು ಸರಿಯಿಲ್ಲ ಅಂತ ಸಾಹೇಬ. ಯಂತ್ರ ಸರಿ ಇದೆ, ಕಿರಣವೇ ಖರೇ ಹೆಚ್ಚು ಬಂದವು ಅಂತ ಇವರು. ಯಾರದು ಖರೇ ಅಂತ ಹೇಳಬೇಕಾದದ್ದು ಈ ಹಾಳೆಗಳು. ಒಂದೊಂದು ಕಿರಣವೂ ಹಾಳೆಯೊಳಗೆ ಕೂದಲಿಗಿಂತ ಸಣ್ಣ ಗೆರೆ ಕೊರೆದು ಹೋಗುತ್ತದಂತೆ. ಹಾಳೆ ತೊಳೆದು, ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ಕೊಳವೆಯಲ್ಲಿ ನೋಡಿ ಗೆರೆ ಎಣಿಸಬೇಕು.

"ಈಗ?" ಅಂದೆ.

"ಪಾಟಿಗೆ ಪೂರಾ ಮಸಿ ಬಳದ ಮ್ಯಾಲೆ ಏನ ಓದ್ತಿ?"

ಕೆದರಿದ ಹಾಳೆಗಳನ್ನು ನಾನು ಮತ್ತೆ ಬಟ್ಟೆಯಲ್ಲಿ ಸುತ್ತತೊಡಗಿದೆ.

"ಆ ಕೊಳವಿ ಮುಂದ ನಾಕ ವರ್ಷ ಕುಂತೀನಿ," ಅಂದರು. "ಸಾಲಾಗಿ ಹುಡುಗ್ಯಾರನ್ನ ಕೂಡಸಿರ್ತಾರ. ಮಂದಿ ಹಾಳ್ಯಾಗಿನ ಗೆರಿ ಎಣಿಸಿ ಎಣಿಸಿ ಕಣ್ಣ ಹೋಗ್ಯಾವ. ಕಾಡಿ ಬೇಡಿ ಎದ್ದು ಬಂದು ಈ ಯಂತ್ರ ಮಾಡಿದೆ. ಬಲೂನಿಗಿ ಬೇಕಾದ ಈ ವರ್ಷದ ಗಾಳಿ ಮುಗೀತು, ಇನ್ನ ಬಲೂನ ಬಿಡೂದಿಲ್ಲ. ನಾ ಹಾಳಿ ಕಟ್ಟಿದ್ದು ಬರೋಬ್ಬರಿ ಇತ್ತು, ಮಂದಿ ಗೊತ್ತಿಲ್ಲದ ಬಿಚ್ಚಿ ಕೆಡಿಸಿದರು ಅಂತ ಆದರ ಮುಂದಿನ ವರ್ಷ ಇನ್ನೊಂದ ಸರತಿ ಕೊಡ್ತಾರ. ನನ್ನ ಕಟ್ಟೂದರಾಗ ನೀರ ಹೊಕ್ಕಿತ್ತು ಅಂತ ಆದರ ಮತ್ತ ಕೊಳವಿ ಮುಂದ ಕೂಡೂದು." ಅಷ್ಟು ಹೇಳಿ ನನ್ನ ಮುಖ ನೋಡಿದರು. "ಒಳಗಿನ ಕರೀ ಕಾಗದ ಹೆಂಗಿತ್ತು, ತಂಗಿ?"

ನಾನು ಉತ್ತರ ಕೊಡುವುದರೊಳಗೆ ಬಾವಿಯಿಂದ ಅವರು ಬಂದರು. ಪೊಲೀಸ ಬರುತ್ತಲೇ ಕೂಗಿದ, "ತೆರೀಬಾರದು ಅಂತ ಕನ್ನಡದಾಗ ಬರದೈತಿ. ಓದಾಕ ಬರೂದಿಲ್ಲೇನ ನಿಮಗ? ಸರ್ಕಾರಿ ಮಾಲಿಗಿ ಕೈ ಹಚ್ಚೀರಿ. ಈತನ್ನ ಕರಕೊಂಡ ಹೋಗ್ತೇನಿ ನೋಡ್ರಿ ಈಗ."

ಗಂಡ ಕೈಕಟ್ಟಿ ನಿಂತಿದ್ದ. ಅವನು ನನ್ನ ಕಡೆ ನೋಡಲಿಲ್ಲ. ತೆರೆದವಳು ನಾನು ಅಂತ ಅವನು ಹೇಳಲೂ ಇಲ್ಲ. ಅದನ್ನು ನಾನು ಈಗಲೂ ಅವನ ಲೆಕ್ಕಕ್ಕೆ ಒಳ್ಳೆಯದು ಅಂತಲೇ ಹಿಡಿಯುತ್ತೇನೆ.

"ನಾ ತೆರದದ್ದು," ಅಂದೆ.

ಸಾಹೇಬ ಪೊಲೀಸನಿಗೆ ಹಿಂದಿಯಲ್ಲಿ ಏನೋ ಕೇಳಿದ. ಪೊಲೀಸ ನನ್ನ ಕಡೆ ತಿರುಗಿದ. "ಒಳಗಿನ ಕರೀ ಕಾಗದ ಹಸಿ ಇತ್ತೋ ಒಣಗಿತ್ತೋ? ಇಷ್ಟ ಹೇಳು. ಹಸಿ ಇದ್ದರ ಹಾಳಿ ಮೊದಲ ಕೆಟ್ಟಂಗ, ನಿಮ್ಮ ತಪ್ಪಲ್ಲ. ಒಣಗಿತ್ತು ಅಂದ್ರ ನೀವ ಕೆಡಿಸಿದಂಗ."

ಅತ್ತೆ ಹಿಂದಿನಿಂದ ನನ್ನ ಸೀರೆ ಹಿಡಿದು ಎಳೆದರು. "ಹಸಿ ಇತ್ತಂತ ಹೇಳ ಬೇ," ಅಂದರು ಸಣ್ಣ ದನಿಯಲ್ಲಿ.

ಅಕ್ಕೋರು ಕಟ್ಟೆಯಿಂದ ಎದ್ದು ನಿಂತಿದ್ದರು. ಅವರಿಗೆ ಏನು ಬೇಕೋ ನನಗೆ ಗೊತ್ತಿತ್ತು. ಈಗಷ್ಟೇ ಅವರ ಬಾಯಿಂದಲೇ ಕೇಳಿದ್ದೆ. ಗೊತ್ತಿದ್ದೂ ಹೇಳಿದೆ.

"ಹಸಿ ಇತ್ತ್ರಿ."

"ಗಟ್ಟಿ ಹೇಳು."

"ತೊಯ್ದ ತಪ್ಪಡಿ ಆಗಿತ್ತ್ರಿ."

ಪೊಲೀಸ ಸಾಹೇಬನಿಗೆ ಹೇಳಿದ. ಸಾಹೇಬ ಅಕ್ಕೋರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಎರಡೇ ಮಾತು ಆಡಿದ. ಅಕ್ಕೋರು ಉದ್ದಕ್ಕೆ ಏನೋ ಹೇಳತೊಡಗಿದರು, ಕಪ್ಪು ಕಾಗದ ಎತ್ತಿ ತೋರಿಸಿದರು. ಎರಡು ದಿನದ ಬಿಸಿಲು ಅದನ್ನೂ ತಿಂದಿತ್ತು, ಮೊದಲು ಹಸಿ ಇತ್ತೋ ಇಲ್ಲವೋ ಗೊತ್ತಾಗುವಂತಿರಲಿಲ್ಲ. ಅದನ್ನೂ ನಾನು ಮಾಳಿಗೆಯ ಮೇಲೆ ಹರವಿದ್ದೆನಲ್ಲ. ಸಾಹೇಬ ಕೈ ಅಡ್ಡ ಮಾಡಿದ. ಅಲ್ಲಿಗೆ ಮುಗಿಯಿತು.

ಗಂಡನನ್ನು ಬಿಟ್ಟರು. ಪೆಟ್ಟಿಗೆ, ಡಬ್ಬಿ, ಬುಟ್ಟಿ ಸಮೇತ ಹಾಳೆ ಎಲ್ಲ ಜೀಪಿಗೆ ಹಾಕಿದರು. ಬಲೂನಿನ ಪ್ಲಾಸ್ಟಿಕ್ ಬಬಲೇಶ್ವರದ ಹತ್ತಿರ ಬಿದ್ದಿತ್ತಂತೆ, ಅಲ್ಲಿಯವರು ಆಗಲೇ ಕತ್ತರಿಸಿ ಬಣವೆಗೆ ಹೊದಿಸಿದ್ದಾರೆ ಅಂತ ಪೊಲೀಸ ನಗುತ್ತ ಹೇಳಿದ. ಇವತ್ತು ವಿಜಾಪುರದ ಡಾಕ್ ಬಂಗಲೆಯಲ್ಲಿ ಉಳಿದು ನಾಳೆ ಮುಂಜಾನೆ ಹೊರಡುತ್ತೇವೆ ಅಂತ ಜೀಪಿನ ಡ್ರೈವರ್ ನೀರು ಕುಡಿಯುತ್ತ ಹೇಳಿದ್ದ. ಅಕ್ಕೋರು ಜೀಪು ಹತ್ತುವಾಗ ನನ್ನನ್ನು ನೋಡಿದರು. ಬಯ್ದಿದ್ದರೆ ತಿರುಗಿ ಏನಾದರೂ ಅನ್ನುತ್ತಿದ್ದೆ. ಬಯ್ಯಲಿಲ್ಲ.

ಆ ಸಂಜೆ ಅತ್ತೆಗೆ ನನ್ನ ಮೇಲೆ ಪ್ರೀತಿ ಉಕ್ಕಿತು. ಮದುವೆಯಾಗಿ ಮೂರು ವರ್ಷದಲ್ಲಿ ಮೊದಲ ಸಲ ನನ್ನ ತಾಟಿಗೆ ತಾವೇ ತುಪ್ಪ ಹಾಕಿದರು.

"ಒಂದ ಮಾತಿನಾಗ ಮನಿ ಉಳಿಸಿದಿ," ಅಂದರು.

"ಆಕೀದ ಹಾಳಾತಲ್ಲರಿ ಅತ್ತಿ."

"ಆಕಿ ಓದಿದಾಕಿ. ಹೆಂಗರ ಬದಕ್ತಾಳ. ನಿನ್ನ ಗಂಡ ಜೇಲಿಗಿ ಹೋಗಿದ್ದರ ಆಕಿ ಬಂದು ನೀರ ಬಿಡ್ತಿದ್ದಳೇನ?"

ಊಟ ಮಾಡಿದೆ. ಚೆನ್ನಾಗಿಯೇ ಮಾಡಿದೆ. ಆದರೆ ಕಾಗದದ ಸಪ್ಪಳ ಕಿವಿಯಿಂದ ಹೋಗಲಿಲ್ಲ. ಬಬಲೇಶ್ವರದಲ್ಲಿ ಬಲೂನು ಬಿದ್ದಿದೆಯಂತೆ, ತವರಿಗೆ ಹೋಗಿ ನೋಡಿಕೊಂಡು ಬರುತ್ತೇನೆ ಅಂದೆ. ಪ್ರೀತಿ ಇನ್ನೂ ಆರಿರಲಿಲ್ಲ, ಅತ್ತೆ ಹೂಂ ಅಂದರು. ಬಬಲೇಶ್ವರಕ್ಕೆ ಹೋಗಬೇಕೆಂದರೆ ವಿಜಾಪುರದಲ್ಲಿ ಬಸ್ಸು ಬದಲಿಸಬೇಕು.

ಮರುದಿನ ಮುಂಜಾನೆ ಗಂಡ ತಿಕೋಟಾದ ತನಕ ಬಂದು ಮೊದಲನೇ ಬಸ್ಸಿಗೆ ಹತ್ತಿಸಿ ಹೋದ. ನನ್ನ ಪಕ್ಕದಲ್ಲಿ ಬಳೆ ಮಾರುವ ಒಬ್ಬ ಸಾಬರ ಹೆಂಗಸು ಕುಳಿತಿದ್ದಳು. ಹಿಂದಿನ ದಿನ ತಿಕೋಟಾದ ಸಂತೆ ಮುಗಿಸಿ, ವಿಜಾಪುರದ ಜೋರಾಪುರ ಪೇಟೆಯ ತನ್ನ ಮನೆಗೆ ಹೊರಟವಳು. ಬಳೆಯ ಗಂಟು ತೊಡೆಯ ಮೇಲಿತ್ತು.

"ಯವ್ವಾ," ಅಂದೆ, "ಒಳಗಿನ ಕಾಗದ ಒಣಗಿತ್ತು ಅನ್ನೂದಕ್ಕ ನಿಮ್ಮ ಮಾತಿನಾಗ ಏನಂತಾರ?"

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಯಾವ ಕಾಗದ?"

"ಯಾವುದರ ಇರ್ಲಿ. ಹೇಳ್ರಿ."

"ಅಂದರ್ ಕಾ ಕಾಗದ್ ಸೂಖಾ ಥಾ."

"ಹಸಿ ಇತ್ತು ಅಂದ್ರ?"

"ಗೀಲಾ ಥಾ. ಕೋರ್ಟಿಗೆ ಹೊಂಟೀಯೇನವಾ? ಗಂಡ ಬಿಟ್ಟಾನೇನ?"

"ಇಲ್ಲ."

"ಮತ್ತ ಮುಖ ಯಾಕ ಹಿಂಗೈತಿ?"

ನಾನು ಆ ಮಾತನ್ನು ಬಾಯಲ್ಲೇ ಹೇಳಿಕೊಳ್ಳುತ್ತ ಕುಳಿತೆ. ಅವಳು ಎರಡು ಸಲ ನನ್ನ ಉಚ್ಚಾರ ತಿದ್ದಿದಳು. "ನಾ ಸುಳ್ಳು ಹೇಳಿದೆ" ಅನ್ನುವುದನ್ನೂ ಕೇಳಿ ಕಲಿತೆ. "ಮೈ ಝೂಟ್ ಬೋಲಿ" ಅಂದಳು. ಬಸ್ಸು ಇಳಿದ ಮೇಲೆ ನಾನು ಕೇಳಿದ್ದಕ್ಕೆ ಡಾಕ್ ಬಂಗಲೆಯ ದಾರಿಯನ್ನು ಕೈ ಮಾಡಿ ತೋರಿಸಿದಳು.

ಜೀಪು ಬಂಗಲೆಯ ಮೆಟ್ಟಿಲ ಮುಂದೆಯೇ ನಿಂತಿತ್ತು. ಡ್ರೈವರ್ ಸಾಮಾನಿಗೆ ಹಗ್ಗ ಬಿಗಿಯುತ್ತಿದ್ದ. ಅಕ್ಕೋರು ಹಿಂದಿನ ಸೀಟಿನಲ್ಲಿ ಆಗಲೇ ಕುಳಿತಿದ್ದರು, ತಗಡಿನ ಡಬ್ಬಿ ತೊಡೆಯ ಮೇಲಿತ್ತು.

"ಕಾಗದ ಒಣಗಿತ್ತ್ರಿ ಅಕ್ಕೋರ," ಅಂದೆ. "ಗರಗರ ಅಂತಿತ್ತು. ನಾ ಸುಳ್ಳ ಹೇಳೀನಿ."

"ನನಗ ಗೊತ್ತು. ಕಟ್ಟಿದಾಕಿ ನಾನ ಅಲ್ಲೇನ?"

"ಸಾಹೇಬರಿಗಿ ಹೇಳ್ರಿ ಮತ್ತ."

"ನಿನ್ನ ಮಾತ ನನ್ನ ಬಾಯಿಂದ ಹೋದರ ಯಾರ ನಂಬ್ತಾರ, ತಂಗಿ?"

ಅದಕ್ಕೇ ನಾನು ಕಲಿತು ಬಂದದ್ದು. ಸಾಹೇಬ ಚಹಾದ ಕಪ್ಪು ಕೆಳಗಿಟ್ಟು ಮೆಟ್ಟಿಲು ಇಳಿದು ಬಂದ. ನಾನು ಅಡ್ಡ ನಿಂತೆ. ಕೈ ಮುಗಿಯಲಿಲ್ಲ, ಮುಗಿದರೆ ಮಾತು ಮರೆಯುತ್ತೇನೆ ಅನ್ನಿಸಿತು.

"ಅಂದರ್ ಕಾ ಕಾಗದ್ ಸೂಖಾ ಥಾ, ಸಾಬ್. ಮೈ ಝೂಟ್ ಬೋಲಿ."

ಅವನು ನಿಂತ. ನನ್ನನ್ನು ನೋಡಿದ, ಆಮೇಲೆ ಜೀಪಿನಲ್ಲಿದ್ದ ಅಕ್ಕೋರನ್ನು ನೋಡಿದ. ಇವರೇ ನನಗೆ ಹೇಳಿಕೊಟ್ಟು ಕರೆಸಿದ್ದಾರೆ ಅಂದುಕೊಂಡ. ಅದು ಅವನ ಮುಖದಲ್ಲೇ ಕಂಡಿತು. ಅವನ ಜಾಗದಲ್ಲಿ ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ. ನಗಲಿಲ್ಲ, ಸಿಟ್ಟಾಗಲಿಲ್ಲ. "ಕಲ್ ಗೀಲಾ, ಆಜ್ ಸೂಖಾ," ಅಂದ. "ಪರ್ಸೋ ಕ್ಯಾ?" ನಿನ್ನೆ ಹಸಿ, ಇವತ್ತು ಒಣಗಿದ್ದು, ನಾಡಿದ್ದು ಏನು ಹೇಳುತ್ತಿ ಅಂತ. ಅಷ್ಟು ಹಿಂದಿ ಆ ಹೊತ್ತಿಗೆ ನನಗೆ ಬರುತ್ತಿತ್ತು.

ಉತ್ತರ ಕೊಡುವಷ್ಟು ಬರುತ್ತಿರಲಿಲ್ಲ. ಕಲಿತದ್ದು ಎರಡೇ ಮಾತು. ಮತ್ತೆ ಅವನ್ನೇ ಹೇಳಿದೆ. ಅವನು ನನ್ನನ್ನು ಬಳಸಿಕೊಂಡು ಹೋಗಿ ಮುಂದಿನ ಸೀಟಿನಲ್ಲಿ ಕುಳಿತ. ನಾನು ಜೀಪಿನ ಕಬ್ಬಿಣ ಹಿಡಿದುಕೊಂಡೆ.

"ಬಿಡು, ತಂಗಿ," ಅಂದರು ಅಕ್ಕೋರು. "ಕೈ ಸಿಕ್ಕೀತು."

ಬಿಟ್ಟೆ. ಜೀಪು ಹೊರಟಿತು. ಬಂಗಲೆಯ ದಾರಿಗೆ ಹರಳು ಹಾಕಿದ್ದರು, ಜೀಪು ನಿಧಾನ ಹೋಗುತ್ತಿತ್ತು. ನಾನು ಅದರ ಮಗ್ಗಲಿಗೆ ನಡೆಯುತ್ತ, ಸಾಹೇಬನ ಕಿವಿಗೆ ಬೀಳುವ ಹಾಗೆ, "ಸೂಖಾ ಥಾ ಸಾಬ್, ಸೂಖಾ ಥಾ," ಅನ್ನುತ್ತ ಗೇಟಿನ ತನಕ ಹೋದೆ.